ಕೆಂಚಿಯ ಪಥ್ಯ

ಅಟ್ಟೂರು
9-10-1986

ಮೊಮ್ಮಗಳು ಸುನಂದಳಿಗೆ,

ಕೈಗೆ ಲಕ್ವ ಹೊಡೆದಿದೆಯೇನೇ? ನರ್ಸ್ ಓದಲು ಮೈಸೂರಿಗೆ ಹೋಗಿ ಮೂರು ತಿಂಗಳಾಯಿತು, ಬಂದದ್ದು ಒಂದೇ ಕಾರ್ಡು. ಅದರಲ್ಲಿ ಅಜ್ಜಿಗೆ ಅರ್ಧ ಸಾಲು, ಬೆಕ್ಕು ಕೆಂಚಿಗೆ ಹತ್ತು ಸಾಲು. ನಾನೂ ತಡ ಮಾಡಿದೆ, ಒಪ್ಪುತ್ತೇನೆ. ಬರೆಯಲು ಕೂತರೆ ಕೈ ಓಡಲಿಲ್ಲ.

ದನದಾಸ್ಪತ್ರೆಯ ಕಾಶಿನಾಥ ಡಾಕ್ಟರು ನಿನ್ನೆದುರಿಗೆ ಹೇಳಿದ್ದು ಒಂದನ್ನೂ ಮರೆತಿರಲಿಲ್ಲ. ಕೆಂಚಿಯ ಕತ್ತಿನ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ, ಅದಕ್ಕೇ ಎಷ್ಟು ತಿಂದರೂ ಸೊರಗುತ್ತಾಳೆ, ಅಯೋಡಿನ್ ಇರುವ ಸಮುದ್ರದ ಮೀನು, ಪೊಟ್ಟಣದ ಉಪ್ಪು ಮುಟ್ಟಿಸಬೇಡಿ ಅಂದಿದ್ದರು. ಪಥ್ಯದಿಂದ ವಾಸಿಯಾಗುವುದಿಲ್ಲ, ತಡೆದು ಹಿಡಿಯಬಹುದು ಅಷ್ಟೇ ಎಂದೂ ಅಂದಿದ್ದರು. ಉಪ್ಪಿಲ್ಲದೆ ಬೇಯಿಸಿದ ಕೋಳಿ, ಒಂದು ಹಿಡಿ ಅನ್ನ ಹಾಕಿದೆ. ಮೊದಲ ವಾರ ತಟ್ಟೆಗೆ ಬೆನ್ನು ಹಾಕಿ ಕೂತಳು, ಥೇಟ್ ನಿನ್ನ ಹಾಗೆ. ಆಮೇಲೆ ತಿಂದಳು. ಪಕ್ಕದ ಮನೆ ಕುಬ್ರಾ ನಕ್ಕು, "ಏನಮ್ಮಾ, ಸೊಸೆ ಬಾಣಂತನಕ್ಕೂ ಇಷ್ಟು ಪಥ್ಯ ಮಾಡ್ಲಿಲ್ವಲ್ಲ ನೀವು" ಅಂದಳು. ಆದರೂ ಮೀನು ತಂದ ದಿನ ಅವಳೇ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುತ್ತಿದ್ದಳು. ಕೆಂಚಿಯ ಬೆನ್ನ ಮೇಲೆ ಸ್ವಲ್ಪ ಮಾಂಸ ಹತ್ತಿತ್ತು.

ಹೋದ ಶುಕ್ರವಾರ ಅಮಾವಾಸ್ಯೆ, ಹಿರಿಯರ ಹಬ್ಬ. ನಿನ್ನ ತಾತ ಇಷ್ಟಪಡುತ್ತಿದ್ದ ಒಣಮೀನಿನ ಸಾರು ಮಾಡಿ ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಪದ್ಧತಿಯಂತೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ತೆಗೆದಾಗ ಒಳಗೆ ಕೆಂಚಿ. ಎಲೆಯ ಮೇಲೆ ಒಂದು ಚೂರು ಮೀನಿರಲಿಲ್ಲ. ಸಂಜೆಗೆ ವಾಂತಿ ಶುರುವಾಯಿತು, ಎದೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಮಂಗಳವಾರ ಬೆಳಿಗ್ಗೆ ನನ್ನ ಮಡಿಲಲ್ಲೇ ಹೋದಳು ಕಣೇ. ನಿನ್ನಪ್ಪ ಹಿತ್ತಲ ಸೀಬೆ ಗಿಡದ ಪಕ್ಕ ಮಣ್ಣು ಮಾಡಿದ.

ಒಂದು ಹೊತ್ತಿನ ಮೀನಿಗೆ ಹೀಗಾಗುವುದಿಲ್ಲ, ಹೃದಯ ಮೊದಲೇ ಸೋತಿತ್ತು ಎಂದರು ಡಾಕ್ಟರು. ಯಾರಿಗೂ ಕಾಣದಂತೆ ಬೆಕ್ಕು ಒಳಗೆ ಸೇರಿಕೊಂಡಿತ್ತು, ನೀನೇನು ಮಾಡೋಕಾಗ್ತಿತ್ತು ಎಂದು ನಿನ್ನಪ್ಪ ಸಮಾಧಾನ ಹೇಳಿದ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗುಣದಿಂದ ಮಲಗಿದವರು ಎದ್ದು ಓಡಾಡಲಿ.

ನಿನ್ನ ಅಜ್ಜಿ,
ಗಂಗರತ್ನಮ್ಮ

ಮತ್ತೆ: ಇದನ್ನು ನಿನ್ನಪ್ಪನಿಗೂ ಹೇಳಿಲ್ಲ. ಬಾಗಿಲು ಮುಚ್ಚಿದ ಸ್ವಲ್ಪ ಹೊತ್ತಿಗೇ ಒಳಗೆ ಎಲೆ ಸರಿದ ಸದ್ದು ನನಗೆ ಕೇಳಿಸಿತು. ಒಂಬತ್ತು ವರ್ಷದಿಂದ ನಿನ್ನ ತಾತನಿಗೆ ಎಡೆ ಇಡುತ್ತಿದ್ದೇನೆ, ಒಂದು ಸಲವೂ ಒಳಗಿಂದ ಸದ್ದು ಬಂದಿರಲಿಲ್ಲ. ಕೆಂಚಿಯೇ ಅಂತ ಗೊತ್ತಾಯಿತು. ಚಿಲಕಕ್ಕೆ ಕೈ ಹಾಕಿದೆ. ಇನ್ನೊಂದು ಗಳಿಗೆ, ಅವರೇ ಉಣ್ಣುತ್ತಿದ್ದಾರೆ ಅಂದುಕೊಂಡಿರೋಣ ಅನ್ನಿಸಿತು. ತೆಗೆಯಲಿಲ್ಲ. ಬೈಯುವುದಿದ್ದರೆ ಬೈದೇ ಬರಿ, ಆದರೆ ಈ ತಿಂಗಳು ಮುಗಿಯುವುದರೊಳಗೆ ಬರಿ.