ಚಾಂದ್ ಬಿ ಸುಮ್ಮನಿದ್ದ ದಿನ

ಬೇಗೂರು,
೧೨ ನವೆಂಬರ್ ೧೯೫೫

ನನ್ನ ಮಾತಿನಮಲ್ಲಿ ಚಾಂದ್ ಬಿಗೆ,

ನಿನ್ನ ಗಂಗಾಂಬಿಕೆ ಬರೆಯುತ್ತಿದ್ದೇನೆ. ನೀನು ತಂಗಿಯ ಮದುವೆಗೆಂದು ಚಾಮರಾಜನಗರದ ತವರಿಗೆ ಹೋಗಿ ತಿಂಗಳು ತುಂಬಿತು. ಇವತ್ತು ಬೆಳಗಿನ ಬಸ್ಸಿಗೆ ನಮ್ಮೂರಿಗೆ ನರ್ಸಮ್ಮ ಬಂದರು ಕಣೆ! ಹೆರಿಗೆ ಕೋಣೆಯ ಬಾಗಿಲು ತೆಗೆದು ನೋಡಿ, "ಇಷ್ಟು ಒಳ್ಳೆ ಕೋಣೆ ಯಾರು ಕೊಟ್ಟಿದ್ದು?" ಎಂದರು. ನಾನು ಮೊದಲಿನಿಂದ ಹೇಳುತ್ತ ಹೋದೆ, ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನೀನು ಸುಮ್ಮನಿದ್ದ ಆ ದಿನ ನಿನ್ನ ಬೆನ್ನ ಹಿಂದೆ ನಡೆದದ್ದು ನಿನಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನಗೆ ನೋವು ಬಂದಾಗ ಗಾಡಿ ಕಟ್ಟಿಸಿಕೊಂಡು ಗುಂಡ್ಲುಪೇಟೆಯ ಆಸ್ಪತ್ರೆಗೆ ಹೊರಟಿದ್ದೆವಲ್ಲ. ದಾರಿಯಲ್ಲೇ ಮಗು ಹೋಯಿತು. ನಾನೂ ಹೋಗುತ್ತಿದ್ದೆನೇನೋ. ನೀನು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕಣ್ಮುಚ್ಚಬೇಡ ಕಣಮ್ಮಿ, ಇಲ್ಲಿ ಕೇಳು" ಎನ್ನುತ್ತ ದಾರಿಯುದ್ದಕ್ಕೂ ಮಾತಾಡಿದೆ. ಏನು ಹೇಳಿದೆಯೋ ಒಂದೂ ನೆನಪಿಲ್ಲ. ದನಿ ಮಾತ್ರ ನೆನಪಿದೆ.

ಊರವರು ಒಂದು ಕೋಣೆ ಮಾಡಿಕೊಟ್ಟರೆ ನರ್ಸಮ್ಮನನ್ನು ಕಳಿಸುತ್ತೇವೆ ಎಂದು ಸರ್ಕಾರದವರು ಹೇಳಿದಾಗ ನಮ್ಮ ಮಹಿಳಾ ಸಮಾಜದಲ್ಲಿ ಇದ್ದದ್ದು ಒಂದು ಜಮಖಾನ, ಹನ್ನೊಂದು ಹೆಂಗಸರು. ಹಪ್ಪಳ ಮಾರೋಣವೆಂದರೆ ಕೊಳ್ಳುವವರು ಯಾರು? ಎಲ್ಲರ ಮನೆ ಮಾಳಿಗೆಯ ಮೇಲೂ ಹಪ್ಪಳವೇ. ಆಗ ನೀನೇ ನಗುತ್ತ, "ನಾನು ಒಂದು ದಿನ ಬಾಯಿ ಮುಚ್ಕೊಂಡಿರ್ತೀನಿ ಅನ್ನಿ, ಊರೇ ದುಡ್ಡು ಕೊಡುತ್ತೆ" ಅಂದೆ. ನೀನು ಹೇಳಿದ್ದು ತಮಾಷೆಗೆ, ನಾವು ಹಿಡಿದುಕೊಂಡದ್ದು ನಿಜವೆಂದು. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಚಾಂದ್ ಬಿ ತುಟಿ ಬಿಚ್ಚದಿದ್ದರೆ ಬೀದಿಯವರದು ತಲಾ ನಾಲ್ಕಾಣೆ ವಂತಿಗೆ. ಬೇಡ ಎಂದವರೇ ಇಲ್ಲ!

ಆ ದಿನ ನಿನ್ನನ್ನು ಮಾತಾಡಿಸಲು ಏನೆಲ್ಲ ಮಾಡಿದರು! ಅಂಗಡಿ ಕರಿಬಸವಯ್ಯ ನಿಮ್ಮ ಬಾಗಿಲಲ್ಲೇ ನಿಂತು, "ನಿನ್ ಗಂಡ ರಹೀಂ ಹೊಲ್ದಿರೋ ಅಂಗೀಲಿ ಒಂದು ತೋಳು ಉದ್ದ, ಒಂದು ಗಿಡ್ಡ ಕಣಮ್ಮ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ. ನೀನು ಸೆರಗು ಕಚ್ಚಿಕೊಂಡು ಒಳಗೆ ಹೋದೆ. ಆದರೆ ಮಧ್ಯಾಹ್ನದ ಹೊತ್ತಿಗೆ, ನಿನ್ನ ದನಿಯಿಲ್ಲದೆ, ಬೀದಿಯಲ್ಲಿ ಯಾರ ಮನಸ್ಸಿಗೂ ನೆಮ್ಮದಿಯಿಲ್ಲ. ರಹೀಂ ಅಣ್ಣ ಒಂದು ಕಾಲರನ್ನು ತಿರುವುಮುರುವಾಗಿ ಹೊಲಿದುಬಿಟ್ಟರು.

ಮೂರು ಗಂಟೆಗೆ ನಿಮ್ಮ ಪಕ್ಕದ ಮನೆಯ ಶಿವರುದ್ರಸ್ವಾಮಿಯವರು ಓಡಿ ಬಂದರು. "ಅವ್ವ ಬೆಳಿಗ್ಗೆಯಿಂದ ಉಂಡಿಲ್ಲ ಕಣಮ್ಮ. ಗೋಡೆ ಆಚೆ ನಿನ್ ದನಿ ಕೇಳ್ತಿಲ್ಲ, ನೀನು ಸತ್ತೋಗಿದ್ದೀಯ ಅಂತ ಅಳ್ತಾ ಕೂತವಳೆ. ಎಷ್ಟು ಹೇಳಿದ್ರೂ ನಂಬಲ್ಲ." ಕಣ್ಣು ಕಾಣದೆ ಹಾಸಿಗೆ ಹಿಡಿದ ಅವರವ್ವ ಮಲ್ಲಾಜಮ್ಮನಿಗೆ ನಿನ್ನ ಮಾತೇ ದಿನದ ಗಡಿಯಾರವಾಗಿತ್ತೆಂದು ನಮಗಾರಿಗೆ ಗೊತ್ತಿತ್ತು?

ಇನ್ನೊಂದು ಮಾತನ್ನು ನಿನಗೆ ಹೇಳಿಯೇ ಇಲ್ಲ. ನೀನು ಅವರ ಹೊಸಿಲು ದಾಟುವಾಗ ನಾನು ಹಿಂದಿನಿಂದ ತುಟಿಯ ಮೇಲೆ ಬೆರಳಿಟ್ಟು, ಬೇಡ, ಇನ್ನು ಮೂರೇ ಗಂಟೆ ಎಂದು ಸನ್ನೆ ಮಾಡಿದ್ದೆ. ನೀನು ನೋಡಿದೆಯೋ ಇಲ್ಲವೋ. ನಿನ್ನ ದನಿಯಿಂದಲೇ ಉಳಿದವಳು ಹಾಗೆ ಮಾಡಿದೆನಲ್ಲ, ನಾಚಿಕೆಯಾಗುತ್ತದೆ.

ನೀನು ಮೊದಲು ಮುದುಕಿಯ ಕೈಯನ್ನು ನಿನ್ನ ಕೆನ್ನೆಗೆ ಒತ್ತಿಕೊಂಡೆ. ಅವರು ನಂಬಲಿಲ್ಲ. ಆಮೇಲೆ ನೀನು, "ಬದುಕಿದ್ದೀನಿ ಕಣಜ್ಜಿ, ನನ್ನ ಸಾಯಿಸ್ಬುಟ್ರಾ? ಏಳಿ, ಉಣ್ಣಿ" ಎಂದುಬಿಟ್ಟೆ. ನಾನು ಎಲ್ಲ ಮುಳುಗಿತೆಂದು ಅಳುತ್ತ ಮನೆಗೆ ಹೋಗಿ ಕದ ಹಾಕಿಕೊಂಡೆ.

ಆಮೇಲಿನದು ಕೇಳು, ಶಿವರುದ್ರಸ್ವಾಮಿಯವರೇ ನನಗೆ ಹೇಳಿದ್ದು. ನೀನು ಎದ್ದು ಹೋದ ಮೇಲೆ, ನೀನು ಯಾಕೆ ಸುಮ್ಮನಿದ್ದೆ ಎಂದು ಮಲ್ಲಾಜಮ್ಮ ಮಗನನ್ನು ವಿಚಾರಿಸಿದರು. ಎಲ್ಲ ಕೇಳಿಕೊಂಡು, ಮುದ್ದೆ ನುಂಗುತ್ತಲೇ ಮಗನಿಗೆ ಅಂದರು: "ಬೀದಿ ಕಡೆ ರಾಗಿ ಕೋಣೆ ಖಾಲಿ ಮಾಡ್ಲಾ. ಹೆಣ್ಮಕ್ಳು ಅಲ್ಲಿ ಹೆರ್ಲಿ."

"ರಾಗಿ ಎಲ್ಲಿಡ್ಲವ್ವಾ?"

"ನಿನ್ ತಲೆ ಮೇಲಿಟ್ಕೊ!"

ಕೋಣೆಯೇ ಸಿಕ್ಕಿದ ಮೇಲೆ ಬೇಕಾದದ್ದು ನಾಲ್ಕು ಹೆಂಚು, ಸುಣ್ಣ, ಒಂದು ಮಂಚ ಅಷ್ಟೆ. ಪಂದ್ಯ ಸೋತರೂ ಬೀದಿಯವರೆಲ್ಲ ವಂತಿಗೆ ಕೊಟ್ಟರು. ಕರಿಬಸವಯ್ಯ ಮಾತ್ರ, "ಹನ್ನೆರಡು ಗಂಟೇಲಿ ಒಂಬತ್ತು ಗಂಟೆ ಸುಮ್ನಿದ್ಲು, ನ್ಯಾಯ ನ್ಯಾಯವೇ" ಎಂದು ಎಣಿಸಿ ಮೂರೇ ಆಣೆ ಕೊಟ್ಟ!

ನರ್ಸಮ್ಮ ಕಥೆ ಕೇಳಿ ಮುಗಿಸಿ, ನನ್ನ ಮುಖವನ್ನೇ ನೋಡಿ, "ಬಾಮ್ಮ, ನಿನ್ನನ್ನೂ ಒಂದು ಸಲ ನೋಡೋಣ" ಎಂದು ಆ ಮಂಚದ ಮೇಲೆ ಮಲಗಿಸಿದರು. ಮೂರು ತಿಂಗಳಂತೆ, ಚಾಂದ್. ಎಲ್ಲ ಸರಿಯಾಗಿದೆಯಂತೆ. ನಮ್ಮವರಿಗೂ ಇನ್ನೂ ಹೇಳಿಲ್ಲ, ನಿನಗೇ ಮೊದಲು. ಈ ಸಲ ಗಾಡಿ ಬೇಡ, ಇಪ್ಪತ್ತು ಹೆಜ್ಜೆ ನಡೆದರೆ ಸಾಕು. ಆದರೂ ನೀನು ಪಕ್ಕದಲ್ಲಿ ಕೂತಿರಬೇಕು.

ಮದುಮಗಳಿಗೆ ನನ್ನ ಹೆಸರಿನಲ್ಲಿ ಒಂದು ಮೊಳ ಹೂ ಮುಡಿಸು, ಅವಳ ಸಂಸಾರ ತಣ್ಣಗಿರಲಿ. ನೀನು ಮಾತ್ರ ಬೇಗ ಬಂದುಬಿಡು.

ಇಂತಿ ನಿನ್ನ ಕಿವಿಯಾದ,
ಗಂಗಾ