ವಾಸನೆ ಇರಲಿಲ್ಲ

ನವೆಂಬರ್ 11, ಮಂಗಳವಾರ

ಸೆಕೆಂಡ್ ಪಿಯುಸಿಗೆ ಆಮ್ಲಗಳ ಪಾಠ. ಡ್ಯಾಫ್ನಿ ಎಂಬ ಹುಡುಗಿ ಮುಖಕ್ಕೆ ಹಚ್ಚುವ ಸೀರಮ್ ತಂದಿದ್ದಳು. ಗ್ಲೈಕಾಲಿಕ್ ಆಸಿಡ್. ಬೋರ್ಡಿನಲ್ಲಿ ಬರೆದು ತೋರಿಸಿದೆ — ಎರಡೇ ಕಾರ್ಬನ್, ಬಣ್ಣವಿಲ್ಲ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಅಣು ಚಿಕ್ಕದು, ಹಾಗಾಗಿ ಚರ್ಮದೊಳಗೆ ಸುಲಭವಾಗಿ ಇಳಿಯುತ್ತದೆ. ಕಬ್ಬಿನಲ್ಲಿ, ಹಣ್ಣಾಗದ ದ್ರಾಕ್ಷಿಯಲ್ಲಿ ತಾನಾಗಿಯೇ ಇರುತ್ತದೆ. ಹಾಗಾದರೆ ಎಷ್ಟು ಹಚ್ಚಿದರೂ ತೊಂದರೆ ಇಲ್ಲ ಅಲ್ವಾ ಎಂದಳು. ಎಷ್ಟು ಎನ್ನುವುದೇ ಮುಖ್ಯ ಎಂದೆ.

ಮನೆಗೆ ಬಂದರೆ ಪಪ್ಪ ಗ್ಯಾರೇಜಿನಿಂದ ಬೇಗ ಬಂದಿದ್ದರು. ಗೇಟು ಹಿಡಿದು ತೂರಾಡುತ್ತಿದ್ದರು. ನಾಲಿಗೆ ಹೊರಳುತ್ತಿಲ್ಲ. ಡಿ-ಅಡಿಕ್ಷನ್ ಸೆಂಟರಿನಿಂದ ಬಂದ ಮೇಲೆ ಇಷ್ಟು ವರ್ಷ ಒಂದು ತೊಟ್ಟು ಮುಟ್ಟಿರಲಿಲ್ಲ. ಮಮ್ಮಿ ನೋಡಿದವರೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

"ನಾನು ಕುಡಿದಿಲ್ಲ, ಆನ್ಸಿ."

ಮಲಗಿ ಎಂದೆ. ಅಷ್ಟೇ.

ನವೆಂಬರ್ 12, ಬೆಳಿಗ್ಗೆ

ಪಪ್ಪನಿಗೆ ವಾಂತಿ. ಗುಡ್ಡ ಹತ್ತಿ ಓಡಿ ಬಂದವರ ಹಾಗೆ ಉಸಿರು. ಬಾಯಿ ಒರೆಸಲು ಬಗ್ಗಿದೆ. ವಾಸನೆ ಇಲ್ಲ… ಹೆಂಡದ ವಾಸನೆಯೇ ಇಲ್ಲ! ನಿನ್ನೆಯೂ ಇತ್ತೇ? ನಾವು ಹತ್ತಿರ ಹೋಗಿ ನೋಡಲೇ ಇಲ್ಲ.

ಎಂತ ಕುಡಿದಿರಿ ಎಂದು ಮತ್ತೆ ಮತ್ತೆ ಕೇಳಿದೆ. ಸೆಕೆಗೆ ಗ್ಯಾರೇಜಿನಲ್ಲಿದ್ದ ಶರಬತ್ತಿನ ಬಾಟ್ಲಿ ಎತ್ತಿದ್ದರಂತೆ. ಸಿಹಿ ಇತ್ತಂತೆ. ಕಾರಿನ ಇಂಜಿನ್ ಬಿಸಿಯಾಗದಂತೆ ಹಾಕುವ ಕೂಲಂಟನ್ನು ಅದಕ್ಕೆ ಸುರಿದಿಟ್ಟು ಮರೆತವರೂ ಅವರೇ.

ಮಮ್ಮಿಯನ್ನು ಕೂಗಿದೆ. ಆಟೋ ಬಂತು.

ನವೆಂಬರ್ 12, ಮಧ್ಯಾಹ್ನ, ಐಸಿಯು ಹೊರಗೆ

ಪಪ್ಪನ ಹಾಸಿಗೆಯ ಪಕ್ಕ ನಿಂತು ಡಾಕ್ಟರ್ ಸಿಂಧು ಹೇಳಿದರು — ಕೂಲಂಟಿಗಿಂತ, ಲಿವರ್ ಅದನ್ನು ಒಡೆದಾಗ ಆಗುವ ವಸ್ತು ಕೆಟ್ಟದ್ದು. ಗ್ಲೈಕಾಲಿಕ್ ಆಸಿಡ್. ರಕ್ತದ ತುಂಬ ಅದೇ. ಮುಂದೆ ಪೆಟ್ಟು ಕಿಡ್ನಿಗೆ. ನಿನ್ನೆ ಬೋರ್ಡಿನಲ್ಲಿ ನನ್ನ ಕೈಯಾರೆ ಬರೆದ ಹೆಸರು.

ಡಯಾಲಿಸಿಸ್ ಶುರು ಮಾಡುತ್ತಾರೆ. ಜೊತೆಗೆ ಲಿವರಿನ ಆ ಕೆಲಸ ತಡೆಯಬೇಕು. ಅದರ ಔಷಧ ಈಗ ಇಲ್ಲಿ ಸಿಗುವುದಿಲ್ಲ. ತಡೆಯುವ ಇನ್ನೊಂದು ವಸ್ತು ಆಲ್ಕೋಹಾಲ್. ಮೂಗಿನ ಟ್ಯೂಬಿನಲ್ಲಿ, ಅಳತೆ ಮಾಡಿ. ಪಪ್ಪನ ಹಳೆಯ ಕಥೆ ಹೇಳಿದೆ. ಡಾಕ್ಟರ್ ತಲೆ ತಗ್ಗಿಸಿದರು. ಬೇರೆ ದಾರಿ ಇಲ್ಲವಂತೆ.

ಪಪ್ಪನಿಗೆ ಎಚ್ಚರ ಇತ್ತು. ಎಲ್ಲ ಕೇಳಿಸಿತ್ತು.

"ಅದೊಂದು ಬೇಡ, ಮಟಿಲ್ಡಾ. ಬೇರೆ ಎಂತ ಬೇಕಾದ್ರೂ ಕೊಡ್ಲಿ."

ಮಮ್ಮಿ ಅವರ ಕೈ ಹಿಡಿದರು. "ನಿನ್ನೆ ನಾನು ನಿಮ್ಮನ್ನು ನಂಬ್ಲಿಲ್ಲ. ಈಗ ನಂಬ್ತೇನೆ. ಕೊಡ್ಲಿ."

ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ್ದೂ ಮಮ್ಮಿಯೇ. ನನ್ನಿಂದ ಆಗಲಿಲ್ಲ.

ನವೆಂಬರ್ 15

ಆಸಿಡ್ ಇಳಿದಿದೆ. ಆಲ್ಕೋಹಾಲ್ ನಿಲ್ಲಿಸಿದ್ದಾರೆ. ಮೂತ್ರ ಮಾತ್ರ ಇನ್ನೂ ಸರಿಯಾಗಿ ಬರುತ್ತಿಲ್ಲ. ಪಪ್ಪನ ಮೈಯಿಂದ ಆ ಹಳೆಯ ವಾಸನೆ. ಒಂದು ಕಾಲದಲ್ಲಿ ಅದಕ್ಕೇ ಬೇರೆ ಕೋಣೆಯಲ್ಲಿ ಮಲಗುತ್ತಿದ್ದ ಮಮ್ಮಿ, ಹಾಸಿಗೆಗೆ ತಲೆಯಾನಿಸಿ ಜಪಸರ ಹಿಡಿದು ಕೂತಿದ್ದಾರೆ.

ನವೆಂಬರ್ 19, ಸಂಜೆ

ವಾರ್ಡಿಗೆ ಬಂದಿದ್ದಾರೆ. ಡಯಾಲಿಸಿಸ್ ಇನ್ನೂ ಕೆಲವು ವಾರ ಬೇಕಂತೆ. ಕಿಡ್ನಿ ಚೇತರಿಸಿಕೊಳ್ಳುತ್ತಿದೆ ಎಂದರು ಡಾಕ್ಟರ್. ಮಮ್ಮಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಪಪ್ಪ ಗೋಡೆ ನೋಡುತ್ತಾ ಹೇಳಿದರು — "ಮಟಿಲ್ಡಾ, ನನಗೆ ಮತ್ತೆ ಹೆಂಡ ಬೇಕು ಅನ್ನಿಸ್ತಾ ಉಂಟು."

ಮಮ್ಮಿ ಬೈಯುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ ಅಂದುಕೊಂಡೆ. ಎರಡೂ ಆಗಲಿಲ್ಲ. ಸ್ಟೂಲ್ ಹತ್ತಿರಕ್ಕೆ ಎಳೆದರು.

"ಹೇಳಿ. ನಾನು ಇಲ್ಲೇ ಇರ್ತೇನೆ."

ವರಾಂಡಕ್ಕೆ ಬಂದು ಬರೆಯುತ್ತಿದ್ದೇನೆ. ಪಪ್ಪನ ದನಿ ನಿಂತಿಲ್ಲ. ನಡುವೆ ನಡುವೆ ಮಮ್ಮಿಯದು — ಹ್ಞಾಂ, ಮತ್ತೆ…