ಬೀಜದ ದಿಬ್ಬವನ್ನು ಮುಟ್ಟಬೇಡಿ

ಬಳಚು (ಕಪ್ಪೆಚಿಪ್ಪು) ಮರಿ ಉತ್ಪಾದನಾ ಕೇಂದ್ರದ ಮುಖ್ಯಾಧಿಕಾರಿಗಳೇ,

ಅಘನಾಶಿನಿ ಅಳಿವೆಯ ಬೀಜದ ದಿಬ್ಬದಿಂದ ಮತ್ತೆ ಇನ್ನೂರು ತಾಯಿಬಳಚು ತರಿಸಲು ಆದೇಶಿಸಿದ್ದೀರಿ. ಕಳೆದ ವರ್ಷದ ಇನ್ನೂರು ಏನಾದವೆಂದು ತಾವು ಯಾರಿಗೂ ಹೇಳಿಲ್ಲ. ಆಗ ಕೇಂದ್ರದಲ್ಲಿ ಹಂಗಾಮಿ ಸಹಾಯಕನಾಗಿದ್ದ ನಾನು ಹೇಳುತ್ತೇನೆ.

ಆ ಮರಳ ದಿಬ್ಬ ಯಾವ ಕಡತದಲ್ಲೂ ಇಲ್ಲ. ಇಳಿತದ ಹೊತ್ತಿಗೆ ಬಳಚು ಹೆಕ್ಕುವ ಹೆಂಗಸರು ತಲೆಮಾರುಗಳಿಂದ ಅಲ್ಲಿ ಮಾತ್ರ ಕೈ ಹಾಕುವುದಿಲ್ಲ. ಸುತ್ತಲಿನ ಹೊಯ್ಗೆಗೆ ಮರಿ ಬರುವುದು ಅಲ್ಲಿಂದಲೇ ಎಂಬುದು ಅವರ ತಿಳಿವಳಿಕೆ. ಮರಿ ಬೆಳೆಸಿ ಹೊಳೆಗೇ ಬಿಡುತ್ತೇವೆಂಬ ತಮ್ಮ ಮಾತು ನಂಬಿ, ಅವರಲ್ಲಿ ಹಿರಿಯರಾದ ನಾಗಕ್ಕ ಆ ಇನ್ನೂರನ್ನು ಸ್ವತಃ ಆರಿಸಿ ಕೊಟ್ಟರು.

ಕೇಂದ್ರದಲ್ಲಿ ಬಳಚಿನಿಂದ ಮೊಟ್ಟೆಯಿಡಿಸುವ ದಿನವನ್ನು ಹೊಳೆ ನಿರ್ಧರಿಸಲಿಲ್ಲ, ಅದನ್ನು ನೋಡಲು ತಾವು ಕರೆದ ಅತಿಥಿಗಳ ಬಿಡುವು ನಿರ್ಧರಿಸಿತು! ಮೂರು ದಿನ ಮಳೆ ಸುರಿದಿತ್ತು. ಬೆಳಿಗ್ಗೆ ಉಬ್ಬರದಲ್ಲಿ ಹೊಳೆನೀರು ಅಳೆದು, ಉಪ್ಪು ಲೀಟರಿಗೆ ಇಪ್ಪತ್ತಾರು ಗ್ರಾಂ, ಬಳಚಿಗೆ ಸರಿ ಎಂದು ಬರೆದೆ. ತೊಟ್ಟಿಗೆ ನೀರೆತ್ತಿದ್ದು ಮಧ್ಯಾಹ್ನ, ಇಳಿತದಲ್ಲಿ, ಘಟ್ಟದ ಮಳೆನೀರು ಹರಿಯುವಾಗ. ಬಳಚು ತಂದಿದ್ದ ನಾಗಕ್ಕ ತೊಟ್ಟಿಯಲ್ಲಿ ಬೆರಳದ್ದಿ ನೆಕ್ಕಿದರು.

“ಎಂತಾ ತಮ್ಮಾ ಇದು, ಬಾವಿ ನೀರಾ? ಬಳಚಿಗೆ ಬಾಳಂತಿ ಸ್ನಾನ ಮಾಡ್ಸುಕಾ?”

“ಅಳ್ದೂ ಆತು, ಬರ್ದೂ ಆತು, ನಾಗಕ್ಕಾ.”

“ಬುಕ್ಕಿನ ನೀರಲ್ಲಿ ಮರಿ ಆಗ್ತದ್ಯಾ?”

ಅತಿಥಿಗಳು ಬಂದಾಗಿತ್ತು. ನಾನು ಮತ್ತೆ ಅಳೆಯಲಿಲ್ಲ.

ಒಳ್ಳೆಯ ಮೊಟ್ಟೆ ಒಂದೆರಡು ಗಂಟೆಯಲ್ಲಿ ಎರಡಾಗಿ, ನಾಲ್ಕಾಗಿ ಒಡೆಯುತ್ತದೆ. ಮರುದಿನ ಪುಟ್ಟ ಚಿಪ್ಪು ಮೂಡಬೇಕು. ಉಪ್ಪು ತೀರ ಕಡಿಮೆಯಾದರೆ ಮೊಟ್ಟೆ ನೀರು ಹೀರಿ ಉಬ್ಬುತ್ತದೆ. ಅಂದು ಕೆಲವು ಎರಡಾದವು, ಅಲ್ಲೇ ನಿಂತವು. ಮರುದಿನವೂ ಮೈಕ್ರೋಸ್ಕೋಪಿನಲ್ಲಿ ಅವೇ, ಅರ್ಧ ಒಡೆದ ದುಂಡುಗಳು. ಮೂರನೆಯ ದಿನ ತಾಯಿಬಳಚುಗಳೂ ಬಾಯಿ ಬಿಟ್ಟು ಸತ್ತವು. ಈಗಲೂ ಕಣ್ಣು ಮುಚ್ಚಿದರೆ ಆ ಮೊಟ್ಟೆಗಳು ಕಾಣುತ್ತವೆ. ಇನ್ನೊಮ್ಮೆ ಒಡೆದಾವೇ ಎಂದು ಕಾಯುತ್ತಲೇ ಇರುತ್ತೇನೆ.

ತಮ್ಮ ವರದಿ ‘ತಾಯಿಬಳಚಿನ ಗುಣಮಟ್ಟ ಕಳಪೆ’ ಎಂದಿತು. ಪುರಾವೆ, ನಾನು ಬರೆದ ಇಪ್ಪತ್ತಾರು. ನೀರು ಸರಿಯಿದ್ದ ಮೇಲೆ ತಪ್ಪು ತಾಯಿಯದಲ್ಲದೆ ಇನ್ನಾರದು?

ಈ ವರ್ಷ ಸುತ್ತಲಿನ ಹೊಯ್ಗೆಯಲ್ಲಿ ಉಗುರಿನಷ್ಟು ಮರಿಯೂ ಅಪರೂಪ. ಆ ಇನ್ನೂರೇ ಕಾರಣವೆಂದು ನಾನು ಸಾಧಿಸಲಾರೆ. ಅಲ್ಲವೆಂದು ತಾವು ಸಾಧಿಸಬಲ್ಲಿರಾ?

ಆದೇಶ ಹಿಂಪಡೆಯಿರಿ. ವರದಿ ತಿದ್ದಿರಿ. ತೊಟ್ಟಿಯ ನೀರನ್ನು ತೊಟ್ಟಿಯಲ್ಲೇ ಅಳೆಯಿರಿ.

ಇಂದು ಬೆಳಿಗ್ಗೆ ನಾಗಕ್ಕನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. “ಈ ಸಲ ಯಾರಿಗೂ ಕೊಡೂದಿಲ್ಲ. ನೀ ಬಂದ್ರೂ” ಎಂದರು. ದಿಬ್ಬಕ್ಕೆ ತಮ್ಮವರು ಬಂದ ದಿನ, ಬೇಡವೆನ್ನಲು ನಾಗಕ್ಕನ ಪಕ್ಕ ನಿಲ್ಲಲು ನನಗೆ ಜಾಗ ಕೊಡುವರೋ ಇಲ್ಲವೋ ತಿಳಿಯದು.

ಇಂತಿ,
ತಮ್ಮ ವರದಿಗೆ ಸಾಕ್ಷಿಯಾಗಿ ಉಳಿಯಲೊಲ್ಲದ
ಸುದರ್ಶನ, ಕುಮಟಾ